ಎಎಸ್ 205ರ ಜೋಡಿ ತಟ್ಟೆಗಳನ್ನು ನಾನೇ ಬಿಡಿಸಿ ನೋಡಿದ್ದು

ಎಎಸ್ 205 ಅನ್ನುವುದು ವೃಶ್ಚಿಕ ರಾಶಿಯಲ್ಲಿರುವ ಒಂದು ಎಳೆಯ ಜೋಡಿ ನಕ್ಷತ್ರ. ಅನುರಾಧಾ ನಕ್ಷತ್ರವನ್ನು ಗುರುತಿಸಬಲ್ಲವರಿಗೆ ಜಾಗ ಹೇಳುವುದು ಸುಲಭ. ಅನುರಾಧೆಯ ಸಾಲಿನಲ್ಲಿ ಉತ್ತರದ ತುದಿಯ ಚುಕ್ಕಿಯ ಹತ್ತಿರ ನ್ಯೂ ಸ್ಕಾರ್ಪಿ ಅಂತ ಇನ್ನೊಂದಿದೆ, ಅದರಿಂದ ಒಂದು ಡಿಗ್ರಿಗೂ ಕಡಿಮೆ ಉತ್ತರಕ್ಕೆ ಹೋದರೆ ಎಎಸ್ 205. ಬರಿಗಣ್ಣಿಗೆ ಕಾಣುವುದಿಲ್ಲ. ನಮ್ಮಿಂದ ಸುಮಾರು 420 ಜ್ಯೋತಿರ್ವರ್ಷ ದೂರ. ವಯಸ್ಸು ಹತ್ತು ಲಕ್ಷ ವರ್ಷದ ಆಸುಪಾಸು, ಅಂದರೆ 460 ಕೋಟಿ ವರ್ಷದ ನಮ್ಮ ಸೂರ್ಯನ ಮುಂದೆ ಇದು ನಿನ್ನೆ ಮೊನ್ನೆ ಹುಟ್ಟಿದ್ದು. ಎರಡೂ ಕಡೆ ಧೂಳು ಮತ್ತು ಅನಿಲದ ತಟ್ಟೆಗಳು ಸುತ್ತುತ್ತಿವೆ. ಗ್ರಹಗಳು ಹುಟ್ಟುವುದು ಇಂಥ ತಟ್ಟೆಗಳಲ್ಲೇ.

ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ, ಖಗೋಳ ಸಂಶೋಧಕನಲ್ಲ. ಆದರೂ ಈ ಜೋಡಿಯ ಚಿತ್ರವನ್ನು ಬೇರೆಯವರು ಮಾಡಿಕೊಟ್ಟಿದ್ದನ್ನು ನೋಡುವ ಬದಲು ಮೂಲ ಡೇಟಾದಿಂದ ನಾನೇ ಕಟ್ಟಿ ನೋಡಬೇಕು ಅನ್ನಿಸಿತ್ತು. ಸೂರ್ಯನಂಥ ನಕ್ಷತ್ರಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒಂಟಿಯಾಗಿಲ್ಲ, ಒಂದೋ ಎರಡೋ ಸಂಗಾತಿ ಇರುತ್ತವೆ. ಆದರೆ ಗ್ರಹ ಹೇಗೆ ಹುಟ್ಟುತ್ತದೆ ಅಂತ ನಾವು ಕ್ಲಾಸಿನಲ್ಲಿ ಹೇಳುವ ಕಥೆಯಲ್ಲಿ ನಕ್ಷತ್ರ ಯಾವಾಗಲೂ ಒಂದೇ ಇರುತ್ತದೆ. ಪಕ್ಕದಲ್ಲಿ ಇನ್ನೊಂದು ನಕ್ಷತ್ರ ಎಳೆಯುತ್ತಿದ್ದರೆ ತಟ್ಟೆಗೆ ಏನಾಗುತ್ತದೆ? ಅದನ್ನು ಕಣ್ಣಾರೆ ನೋಡಬೇಕಿತ್ತು.

ಡೇಟಾ ಎಲ್ಲಿಂದ? ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, ಸುಮಾರು 5000 ಮೀಟರ್ ಎತ್ತರದ ಚಾಹ್ನಂತೋರ್ ಬಯಲಿನಲ್ಲಿ ಅಲ್ಮಾ ಅನ್ನುವ ರೇಡಿಯೋ ದೂರದರ್ಶಕ ಇದೆ. 66 ಆಂಟೆನಾಗಳು, ಅವುಗಳನ್ನು 16 ಕಿಲೋಮೀಟರ್ ತನಕ ಹರಡಿ ನಿಲ್ಲಿಸಬಹುದು. ಅಲ್ಲಿ ತೆಗೆದ ಡೇಟಾ ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡಿಲ್ಲ, ಅರ್ಜಿ ಇಲ್ಲ. ನನಗೆ ಅನುಕೂಲವಾಗಿದ್ದು ಡಿಶಾರ್ಪ್ ಯೋಜನೆ. 20 ಎಳೆಯ ತಟ್ಟೆಗಳನ್ನು 1.25 ಮಿಲಿಮೀಟರ್ ತರಂಗಾಂತರದಲ್ಲಿ ತುಂಬ ಸೂಕ್ಷ್ಮವಾಗಿ ನೋಡಿ, 2018ರ ಡಿಸೆಂಬರ್‌ನಲ್ಲಿ ಪ್ರಬಂಧಗಳ ಜೊತೆಗೆ ತಿದ್ದಿದ ಡೇಟಾ, ತಯಾರಾದ ಚಿತ್ರಗಳು, ಬಳಸಿದ ಸ್ಕ್ರಿಪ್ಟ್‌ಗಳು ಎಲ್ಲವನ್ನೂ ಹೊರಗೆ ಬಿಟ್ಟರು. ಸ್ಕ್ರಿಪ್ಟ್ ಕೂಡ ಕೊಟ್ಟಿದ್ದಾರಲ್ಲ, ಅದು ನಿಜವಾದ ದೊಡ್ಡತನ. ನನ್ನಂಥವರಿಗೆ ಅದೇ ಮೇಷ್ಟ್ರು. ಆ 20ರಲ್ಲಿ ಒಂದಕ್ಕಿಂತ ಹೆಚ್ಚು ನಕ್ಷತ್ರವಿರುವ ಎಚ್‌ಟಿ ಲೂಪೈ ಮತ್ತು ಎಎಸ್ 205 ಎರಡಕ್ಕೂ ಸೇರಿ ಒಂದು ಬೇರೆ ಪ್ರಬಂಧವೇ ಇದೆ.

ಮೊದಲು ತಯಾರಾದ ಫಿಟ್ಸ್ ಚಿತ್ರ (ಖಗೋಳದವರು ಬಳಸುವ ಒಂದು ಬಗೆಯ ಚಿತ್ರದ ಫೈಲು) ಇಳಿಸಿಕೊಂಡು ಕಾರ್ಟಾ ಅನ್ನುವ ತಂತ್ರಾಂಶದಲ್ಲಿ ತೆರೆದೆ. ಇದು ಉಚಿತ, ಮಾಮೂಲಿ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ. ಉತ್ತರದಲ್ಲಿ ಒಂದು ದೊಡ್ಡ, ಹೊಳೆಯುವ ತಟ್ಟೆ. ಅದನ್ನು ನಾವು ಹೆಚ್ಚುಕಡಿಮೆ ಮೇಲಿನಿಂದ ನೋಡುತ್ತೇವೆ, ವಾಲಿರುವುದು ಸುಮಾರು 20 ಡಿಗ್ರಿ ಮಾತ್ರ. ದಕ್ಷಿಣದಲ್ಲಿ ಚಿಕ್ಕದೊಂದು, ಅದು ಸುಮಾರು 66 ಡಿಗ್ರಿ ವಾಲಿಕೊಂಡಿದೆ, ಹಾಗಾಗಿ ಚಪ್ಪಟೆಯಾಗಿ ಕಾಣುತ್ತದೆ. ಮಧ್ಯದಲ್ಲಿ ಕಪ್ಪು. ಮೌಸ್ ಎಳೆದು ಎರಡರ ಕೇಂದ್ರಗಳ ಅಂತರ ಅಳೆದರೆ 1.3 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ). ಇದನ್ನು ದೂರಕ್ಕೆ ಬದಲಾಯಿಸುವುದು ಬಾಯಿಲೆಕ್ಕ: 420 ಜ್ಯೋತಿರ್ವರ್ಷ ಅಂದರೆ ಖಗೋಳದವರ ಅಳತೆಯಲ್ಲಿ ಸುಮಾರು 128 ಪಾರ್ಸೆಕ್, ಅದನ್ನು 1.3ರಿಂದ ಗುಣಿಸಿ, ಸುಮಾರು 166 ಎಯು ಬರುತ್ತದೆ. ಒಂದು ಎಯು ಅಂದರೆ ಭೂಮಿಯಿಂದ ಸೂರ್ಯನಿಗಿರುವ ದೂರ. ಇದು ಆಕಾಶದ ಮೇಲೆ ಕಾಣುವ ಅಂತರ ಅಷ್ಟೇ. ಒಂದು ನಕ್ಷತ್ರ ಇನ್ನೊಂದಕ್ಕಿಂತ ಹಿಂದೆ ಇದ್ದರೆ ನಿಜವಾದ ದೂರ ಇನ್ನೂ ಜಾಸ್ತಿ ಇರಬಹುದು.

ಅಂದ ಹಾಗೆ, ದಕ್ಷಿಣದ್ದು ಕೂಡ ಒಂಟಿಯಲ್ಲ. ಅದು ಚಿತ್ರದಲ್ಲಿ ಬೇರೆಯಾಗಿ ಕಾಣದಷ್ಟು ಹತ್ತಿರ ಇರುವ ಎರಡು ನಕ್ಷತ್ರ, ರೋಹಿತದಿಂದ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಒಟ್ಟು ಮೂರು.

ಆಮೇಲೆ ಸ್ವಂತ ಚಿತ್ರ. ಅಲ್ಮಾ ಕ್ಯಾಮೆರಾದ ಹಾಗೆ ಫೋಟೋ ತೆಗೆಯುವುದಿಲ್ಲ. ಒಂದೊಂದು ಆಂಟೆನಾ ಜೋಡಿಯೂ ಆಕಾಶದ ಫೂರಿಯೇ ರೂಪಾಂತರದ (ಅಂದರೆ ಚಿತ್ರವನ್ನು ಅಲೆಗಳಾಗಿ ಬಿಡಿಸಿದ ರೂಪದ) ಒಂದೊಂದು ತುಣುಕನ್ನು ಅಳೆಯುತ್ತದೆ. ಎಲ್ಲ ತುಣುಕೂ ಸಿಗುವುದಿಲ್ಲ, ಸಿಕ್ಕಿದ್ದರಿಂದ ಚಿತ್ರ ಕಟ್ಟಬೇಕು. ಅದಕ್ಕೆ ಕಾಸಾ ಅನ್ನುವ ಉಚಿತ ತಂತ್ರಾಂಶದಲ್ಲಿ ಟಿಕ್ಲೀನ್ ಅಂತ ಒಂದು ಕೆಲಸ ಇದೆ. ಲಿನಕ್ಸ್ ಇದ್ದರೆ ತಲೆನೋವಿಲ್ಲ. ನಾನು ಪಿಕ್ಸೆಲ್ ಗಾತ್ರ 3 ಮಿಲಿಆರ್ಕ್‌ಸೆಕೆಂಡ್ ಇಟ್ಟೆ. ಎರಡು ತಟ್ಟೆಗಳ ಸುತ್ತ ಎರಡು ದೀರ್ಘವೃತ್ತದ ಮಾಸ್ಕ್ ಹಾಕಿದೆ, ಬೆಳಕನ್ನು ಅಲ್ಲಿಂದ ಮಾತ್ರ ಹೆಕ್ಕು ಅಂತ ಹೇಳುವುದಕ್ಕೆ. ಜೋಡಿ ನಕ್ಷತ್ರದಲ್ಲಿ ಈ ಎರಡನೇ ಮಾಸ್ಕ್ ತುಂಬ ಮುಖ್ಯ. ಅದನ್ನು ಬಿಟ್ಟರೆ ದಕ್ಷಿಣದ ತಟ್ಟೆಯ ಪಕ್ಕ-ಅಲೆಗಳು (ಎಲ್ಲ ತುಣುಕೂ ಸಿಗದ ಕಾರಣ ಸುತ್ತ ಮೂಡುವ ಹುಸಿ ಅಲೆಗಳು) ಉತ್ತರದ್ದರ ಮೇಲೆ ಬಿದ್ದು ಇಲ್ಲದ ಉಂಗುರಗಳನ್ನು ಬರೆಯುತ್ತವೆ.

ಇದರಲ್ಲಿ ಆಟ ಆಡಬೇಕಾದ್ದು ರೋಬಸ್ಟ್ ಅನ್ನುವ ಒಂದು ಸಂಖ್ಯೆಯ ಜೊತೆ. ಅದನ್ನು ಮೈನಸ್ ಕಡೆಗೆ ಇಳಿಸಿದರೆ ದೂರದೂರದ ಆಂಟೆನಾಗಳ ಮಾತಿಗೆ ಬೆಲೆ ಜಾಸ್ತಿ, ಚಿತ್ರ ಚೂಪಾಗುತ್ತದೆ, ಗದ್ದಲವೂ ಏರುತ್ತದೆ. ಪ್ಲಸ್ 2ರ ಕಡೆಗೆ ಹೋದರೆ ಮಸುಕು, ಆದರೆ ಮಂಕಾದ ಅಂಚುಗಳು ಮೇಲೇಳುತ್ತವೆ. ಒಂದೇ ಚಿತ್ರವನ್ನು ನಂಬಬೇಡಿ, ಮೂರು ಬೇರೆ ಬೇರೆ ಬೆಲೆ ಕೊಟ್ಟು ಪಕ್ಕಪಕ್ಕ ಇಟ್ಟು ನೋಡಿ. ಮೂರರಲ್ಲೂ ಉಳಿಯುವುದು ಆಕಾಶದಲ್ಲಿದೆ, ಒಂದರಲ್ಲಿ ಮಾತ್ರ ಬರುವುದನ್ನು ಅನುಮಾನದಿಂದಲೇ ನೋಡಬೇಕು. ದಕ್ಷಿಣದ ತಟ್ಟೆಯಲ್ಲಿ ಒಂದು ಸಣ್ಣ ಒಳತಟ್ಟೆ, ಅದರ ಸುತ್ತ ಸುಮಾರು 34 ಎಯು ತ್ರಿಜ್ಯದಲ್ಲಿ ಒಂದು ಹೊಳೆಯುವ ಉಂಗುರ ಇದೆ ಅಂತ ಪ್ರಬಂಧ ಹೇಳುತ್ತದೆ. ನನ್ನ ಚಿತ್ರದಲ್ಲೂ ಅದು ನಿಂತಿತು.

ಉತ್ತರದ ತಟ್ಟೆಯಲ್ಲಿ ಸುರುಳಿಗಳಿವೆ. ಚಿತ್ರ ಸುಮ್ನೆ ನೋಡಿದರೆ ಗೊತ್ತಾಗುವುದು ಕಷ್ಟ, ಮಧ್ಯದ ಹೊಳಪು ಎಲ್ಲವನ್ನೂ ನುಂಗಿಬಿಡುತ್ತದೆ. ನಾನು ಮಾಡಿದ್ದು ಹೀಗೆ. ಪೈಥಾನ್‌ನಲ್ಲಿ ಮೊದಲು ತಟ್ಟೆಯ ವಾಲುವಿಕೆಯನ್ನು ತೆಗೆದು ಹಾಕಿದೆ, ಅಂದರೆ ಚಿತ್ರವನ್ನು ತಿರುಗಿಸಿ ಕುಗ್ಗಿದ ದಿಕ್ಕಿನಲ್ಲಿ ಕೊಸೈನ್ 20 ಡಿಗ್ರಿಯಿಂದ ಭಾಗಿಸಿ ಹಿಗ್ಗಿಸಿದೆ. ಆಮೇಲೆ ಒಂದೊಂದು ತ್ರಿಜ್ಯದಲ್ಲೂ ಸುತ್ತಲಿನ ಸರಾಸರಿ ಹೊಳಪನ್ನು ಲೆಕ್ಕ ಹಾಕಿ ಕಳೆದೆ. ಉಳಿದದ್ದನ್ನು ಅಡ್ಡಕ್ಕೆ ಕೋನ, ಉದ್ದಕ್ಕೆ ತ್ರಿಜ್ಯದ ಲಾಗರಿದಂ ಇಟ್ಟು ಬರೆದೆ. ಆಗ ಎರಡು ಓರೆ ಗೆರೆಗಳು ಎದ್ದು ಕಂಡವು, ಒಂದರಿಂದ ಇನ್ನೊಂದು ಸುಮಾರು 180 ಡಿಗ್ರಿ ಆಚೆ. ಲಾಗರಿದಮಿಕ್ ಸುರುಳಿ ಈ ಗ್ರಾಫ್‌ನಲ್ಲಿ ನೇರ ಗೆರೆಯಾಗುತ್ತದೆ, ಅದರ ಇಳಿಜಾರೇ ಸುರುಳಿ ಎಷ್ಟು ಬಿಗಿಯಾಗಿದೆ ಅನ್ನುವುದರ ಅಳತೆ. ಪ್ರಬಂಧದ ಪ್ರಕಾರ ಆ ಕೋನ 14 ಡಿಗ್ರಿ. 14 ಡಿಗ್ರಿಯ ಟ್ಯಾಂಜೆಂಟ್ 0.25, ಹಾಗಾದರೆ ಅರ್ಧ ಸುತ್ತು ಬರುವಷ್ಟರಲ್ಲಿ ತ್ರಿಜ್ಯ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗಬೇಕು. ಸ್ಕೇಲ್ ಇಟ್ಟು ನೋಡಿದೆ, ಹಾಗೇ ಇತ್ತು. ಪಿಯುಸಿ ಗಣಿತದಿಂದ ಇಲ್ಲಿಗೆ ಬರಬಹುದು ಅನ್ನುವುದು ನನ್ನ ವಿದ್ಯಾರ್ಥಿಗಳಿಗೆ ಗೊತ್ತಾಗಬೇಕು ಅಂತಲೇ ಇಷ್ಟು ಬಿಡಿಸಿ ಬರೆದೆ.

ಎರಡು ಸುರುಳಿ ಕಂಡ ತಕ್ಷಣ "ನೋಡಿ, ಇದು ಪಕ್ಕದ ನಕ್ಷತ್ರದ ಎಳೆತದ ಗುರುತು" ಅನ್ನುವ ಆಸೆ ಬರುತ್ತದೆ ಅಲ್ವಾ? ಆದರೆ ಅಷ್ಟು ಬೇಗ ಹೇಳುವ ಹಾಗಿಲ್ಲ. ಡಿಶಾರ್ಪ್‌ನಲ್ಲೇ ಎಲಿಯಾಸ್ 27, ಐಎಂ ಲೂಪೈ, ವಾಓಫ್ 6 ಅನ್ನುವ ತಟ್ಟೆಗಳಲ್ಲೂ ಇಂಥ ಎರಡು ಸುರುಳಿಗಳಿವೆ, ಅಲ್ಲಿ ಇಷ್ಟು ಹತ್ತಿರ ಇನ್ನೊಂದು ನಕ್ಷತ್ರ ಕಂಡಿಲ್ಲ. ತಟ್ಟೆ ತುಂಬ ಭಾರವಾಗಿದ್ದರೆ ತನ್ನ ಸ್ವಂತ ಗುರುತ್ವದಿಂದಲೇ ಸುರುಳಿ ಕಟ್ಟಬಹುದು, ಒಳಗೆ ಅಡಗಿರುವ ಗ್ರಹವೂ ಕಟ್ಟಿಸಬಹುದು. ಧೂಳಿನ ಚಿತ್ರ ಒಂದನ್ನೇ ಹಿಡಿದು ಕೂತರೆ ಇದು ಬಗೆಹರಿಯುವುದಿಲ್ಲ. ನನಗೆ ಈ ಕೆಲಸದಿಂದ ಮನವರಿಕೆ ಆದ ಮಾತು ಇದೇ: ಜೋಡಿ ನಕ್ಷತ್ರದ ತಟ್ಟೆಗಳನ್ನು ಓದಬೇಕಾದರೆ ಧೂಳು ಸಾಲದು, ಅನಿಲ ನೋಡಲೇಬೇಕು.

ಯಾಕೆ ಅಂದರೆ, 1.25 ಮಿಲಿಮೀಟರ್‌ನಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಮಿಲಿಮೀಟರ್ ಗಾತ್ರದ ಕಣಗಳ ಶಾಖದ ಬೆಳಕು. ಅನಿಲಕ್ಕೆ ಸ್ವಲ್ಪ ಒತ್ತಡದ ಆಸರೆ ಇರುವುದರಿಂದ ಅದು ಕೆಪ್ಲರ್ ವೇಗಕ್ಕಿಂತ (ಬರೀ ನಕ್ಷತ್ರದ ಗುರುತ್ವ ಇದ್ದರೆ ಸುತ್ತಬೇಕಾದ ವೇಗ) ತುಸು ನಿಧಾನ ಸುತ್ತುತ್ತದೆ. ಕಣಗಳಿಗೆ ಆ ಆಸರೆ ಇಲ್ಲ, ಅವು ಜೋರಾಗಿ ಸುತ್ತಬೇಕು, ಎದುರುಗಾಳಿ ಹೊಡೆಸಿಕೊಂಡು ವೇಗ ಕಳೆದುಕೊಂಡು ಒಳಗೆ ಜಾರುತ್ತವೆ. ಹೀಗಾಗಿ ಧೂಳಿನ ತಟ್ಟೆ ಚಿಕ್ಕದು, ಅಚ್ಚುಕಟ್ಟು. ಅನಿಲ ಇನ್ನೂ ದೂರ ಹರಡಿರುತ್ತದೆ. ಪಕ್ಕದ ನಕ್ಷತ್ರದ ಎಳೆತ ಮೊದಲು ತಟ್ಟುವುದು ಆ ಹೊರ ಅಂಚಿಗೇ.

ಅದಕ್ಕೇ ಕಾರ್ಬನ್ ಮೊನಾಕ್ಸೈಡ್ ಕ್ಯೂಬ್ ಇಳಿಸಿದೆ. ಈ ಅಣು 230.538 ಗಿಗಾಹರ್ಟ್ಸ್‌ನಲ್ಲಿ ಒಂದು ರೇಖೆ ಬಿಡುತ್ತದೆ, ಡಾಪ್ಲರ್‌ನಿಂದ ಅದು ಆಚೀಚೆ ಸರಿದಷ್ಟೂ ಅನಿಲದ ವೇಗ ಗೊತ್ತಾಗುತ್ತದೆ. ಕ್ಯೂಬ್ ಅಂದರೆ ಒಂದೊಂದು ವೇಗಕ್ಕೂ ಒಂದೊಂದು ಚಿತ್ರ. ಕಾರ್ಟಾದಲ್ಲಿ ಒಂದು ಸ್ಲೈಡರ್ ಇದೆ, ಎಳೆಯುತ್ತಾ ಹೋಗಿ. ಒಂಟಿ ನಕ್ಷತ್ರದ ನೆಮ್ಮದಿಯ ತಟ್ಟೆಯಾದರೆ ಅನಿಲ ಚಿಟ್ಟೆಯ ರೆಕ್ಕೆಯಂತೆ ಒಂದು ಕಡೆ ಬಿಚ್ಚಿಕೊಂಡು, ಮಧ್ಯದಲ್ಲಿ ನೇರವಾಗಿ, ಆಮೇಲೆ ಇನ್ನೊಂದು ಕಡೆ ಮಡಚಿಕೊಳ್ಳುತ್ತದೆ, ಎರಡೂ ಕಡೆ ಒಂದೇ ಸಮ. ಎಎಸ್ 205ರಲ್ಲಿ ಆ ಸಮ ಇಲ್ಲ. ಕೆಲವು ವೇಗಗಳಲ್ಲಿ ಉತ್ತರದ ತಟ್ಟೆಯಿಂದ ಉದ್ದನೆಯ ಕಮಾನು ಹೊರಗೆ ಚಾಚಿಕೊಳ್ಳುತ್ತದೆ. ಧೂಳಿನ ಚಿತ್ರದಲ್ಲಿ ಬರೀ ಕಪ್ಪಿದ್ದ ಜಾಗದಲ್ಲಿ ಅನಿಲ ಇದೆ. ಸುತ್ತುವ ಲೆಕ್ಕಕ್ಕೆ ಹೊಂದದಷ್ಟು ವೇಗದ ಅನಿಲವೂ ಅಲ್ಲಲ್ಲಿ ಇದೆ. ಧೂಳಿನಲ್ಲಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದಂತೆ ಕೂತಿದ್ದ ಎರಡು ತಟ್ಟೆಗಳು ಅನಿಲದಲ್ಲಿ ಒಂದನ್ನೊಂದು ಕಿತ್ತಾಡಿಕೊಂಡ ಹಾಗಿವೆ. ಇದನ್ನು ನೋಡುವಾಗ ನಾನು ಸ್ಲೈಡರ್ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಲೇ ಇದ್ದೆ, ಬಿಡಲು ಮನಸ್ಸಾಗಲಿಲ್ಲ.

ಒಂದು ನಕ್ಷತ್ರ ಇನ್ನೊಂದರ ತೀರಾ ಹತ್ತಿರ ಹಾದುಹೋದರೆ ಏನಾಗುತ್ತದೆ ಅಂತ ಕಂಪ್ಯೂಟರಿನಲ್ಲಿ ಮಾಡಿದ ಸಿಮ್ಯುಲೇಷನ್‌ಗಳು ಇಂಥದ್ದೇ ಕಮಾನು, ಇಂಥದ್ದೇ ಸುರುಳಿ ತೋರಿಸುತ್ತವೆ. ಹಾಗಾಗಿ ಇತ್ತೀಚೆಗೆ ಎರಡೂ ಹತ್ತಿರ ಬಂದು ಹೋಗಿರಬಹುದು ಅಂತ ಪ್ರಬಂಧ ಬರೆದವರ ಅಂದಾಜು. ಅವು ಒಂದನ್ನೊಂದು ಸುತ್ತುತ್ತಲೇ ಇವೆಯೋ, ಒಂದೇ ಸಲ ಹಾದು ಹೋಗುತ್ತಿವೆಯೋ ಅನ್ನುವುದನ್ನು ಒಂದು ಚಿತ್ರದಿಂದ ಹೇಳಲು ಬರುವುದಿಲ್ಲ. 166 ಎಯು ಅಂತರ, ಒಟ್ಟು ಸುಮಾರು ಎರಡು ಸೂರ್ಯರ ತೂಕ ಅಂತ ಇಟ್ಟುಕೊಂಡು ಕೆಪ್ಲರ್ ನಿಯಮ ಹಾಕಿದರೆ ಒಂದು ಸುತ್ತಿಗೆ 1500 ವರ್ಷದ ಲೆಕ್ಕ. ನಾವು ನೋಡಿರುವುದು ಅದರ ಒಂದು ಚೂರು.

ಧೂಳಿನ ತೂಕವನ್ನೂ ಹಾಕಿದೆ. ಉತ್ತರದ ತಟ್ಟೆಯ ಒಟ್ಟು ಹೊಳಪು ಸುಮಾರು 0.36 ಜಾನ್ಸ್ಕಿ (ರೇಡಿಯೋ ಹೊಳಪಿನ ಅಳತೆ). ತಾಪ 20 ಕೆಲ್ವಿನ್ ಅಂತ ಹಿಡಿದು, ಎಲ್ಲರೂ ಬಳಸುವ ಧೂಳಿನ ಅಪಾರದರ್ಶಕತೆಯ ಬೆಲೆ ಹಾಕಿದರೆ ಸುಮಾರು 150 ಭೂಮಿಗಳಷ್ಟು ಧೂಳು. ಒಳಭಾಗ ಬೆಳಕು ತೂರದಷ್ಟು ದಟ್ಟವಾಗಿರಬಹುದು, ಹಾಗಿದ್ದರೆ ತೂಕ ಇದಕ್ಕಿಂತ ಜಾಸ್ತಿಯೇ. ಇಷ್ಟು ಕಿತ್ತಾಟದ ನಡುವೆಯೂ ಗ್ರಹಕ್ಕೆ ಬೇಕಾದ ಸರಕು ಧಾರಾಳವಾಗಿ ಉಳಿದಿದೆ ಅನ್ನುವುದು ನನಗೆ ತುಂಬ ಖುಷಿ ಕೊಟ್ಟ ಸಂಗತಿ.

ಮಾಡಿ ನೋಡಬೇಕು ಅನ್ನುವವರಿಗೆ: ಫಿಟ್ಸ್ ಚಿತ್ರ ಮತ್ತು ಕ್ಯೂಬ್‌ನಿಂದ ಶುರು ಮಾಡಿ, ಟಿಕ್ಲೀನ್ ಆಮೇಲೆ. 16 ಜಿಬಿ ರ‍್ಯಾಮ್ ಇದ್ದರೆ ಆರಾಮ. ನನ್ನ ಮುಂದಿನ ಸರದಿ ಎಚ್‌ಟಿ ಲೂಪೈ. ಅಲ್ಲಿ ಮೊದಲ ಎರಡು ನಕ್ಷತ್ರಗಳ ನಡುವೆ ಕಾಣುವ ಅಂತರ ಬರೀ 25 ಎಯು, ಅವುಗಳ ಅನಿಲ ಒಂದಕ್ಕೊಂದು ಉಲ್ಟಾ ದಿಕ್ಕಿನಲ್ಲಿ ಸುತ್ತುವಂತೆ ಕಾಣುತ್ತದೆ. ನಿಜವಾಗಿಯೂ ಉಲ್ಟಾನೋ, ಅಥವಾ ಒಂದು ತಟ್ಟೆ ಇನ್ನೊಂದಕ್ಕೆ ಲಂಬವಾಗಿ ನಿಂತು ಹಾಗೆ ತೋರುತ್ತಿದೆಯೋ, ಎರಡಕ್ಕೂ ಅವಕಾಶ ಇದೆ. ಕ್ಯೂಬ್ ಇಳಿದಿದೆ, ಈ ಸಲ ರೋಬಸ್ಟ್ ಕಡಿಮೆ ಇಟ್ಟು ಶುರು ಮಾಡುತ್ತೇನೆ.