ಮರುಭೂಮಿ ಬೆಟ್ಟದ ನಕ್ಷೆಯಲ್ಲಿ ಹಳೆಯ ಗಣಿಗಳ ಗುರುತು ಹಿಡಿಯುವುದು

ನೆವಾಡಾ, ಕ್ಯಾಲಿಫೋರ್ನಿಯಾಗಳ ಮರುಭೂಮಿ ಬೆಟ್ಟಗಳಲ್ಲಿ ಹಳೆಯ ಗಣಿಗಳ ಕುರುಹು ಹುಡುಕುವವರು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ 1:24,000 ಪ್ರಮಾಣದ ಹಳೆಯ ನಕ್ಷೆಯನ್ನೇ ಮುಂದಿಟ್ಟುಕೊಳ್ಳುವುದು ಒಳ್ಳೆಯದು. 2009ರಿಂದ ಬರುತ್ತಿರುವ ಹೊಸ ಸರಣಿಯನ್ನು ದತ್ತಾಂಶ ಸಂಗ್ರಹಗಳಿಂದ ಸಿದ್ಧಪಡಿಸುವುದರಿಂದ, ಹಿಂದಿನವರು ಗುರುತಿಸಿಟ್ಟ ಎಷ್ಟೋ ಗಣಿಚಿಹ್ನೆಗಳು ಅದರಲ್ಲಿ ಸಿಗುವುದಿಲ್ಲ. ಹಳೆಯ ನಕ್ಷೆಗಳು ಅದೇ ಸಂಸ್ಥೆಯ ಟೊಪೊವ್ಯೂ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ.

ಚಿಹ್ನೆಗಳಿಗಿಂತ ಮೊದಲು ನೆಲವನ್ನು ಓದಬೇಕು. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆಗಳ ನಡುವಿನ ಎತ್ತರದ ಅಂತರ ನಕ್ಷೆಯ ಕೆಳಗಡೆ ಅಚ್ಚಾಗಿರುತ್ತದೆ. ಈ ಪ್ರಮಾಣದಲ್ಲಿ ಕಾಗದದ ಒಂದು ಮಿಲಿಮೀಟರ್ ಎಂದರೆ ನೆಲದ 24 ಮೀಟರ್. ಅಂತರ 40 ಅಡಿ ಎಂದಿದ್ದು, ಎರಡು ರೇಖೆಗಳ ನಡುವೆ ಕಾಗದದ ಮೇಲೆ ಒಂದೇ ಮಿಲಿಮೀಟರ್ ಜಾಗವಿದ್ದರೆ, 24 ಮೀಟರ್ ಮುಂದೆ ಹೋಗುವಷ್ಟರಲ್ಲಿ ಸುಮಾರು 12 ಮೀಟರ್ ಏರಬೇಕಾಗುತ್ತದೆ. ಸಡಿಲ ಕಲ್ಲಿನ ಮೇಲೆ ಅದು ಸಣ್ಣ ಏರಲ್ಲ. ರೇಖೆಗಳು ಬೆಟ್ಟದ ಕಡೆಗೆ ಮೊನೆಯಾಗಿ ಬಾಗಿದಲ್ಲಿ ಕೊರಕಲು, ಅದರ ಬಾಯಲ್ಲಿ ಬೀಸಣಿಗೆಯಂತೆ ಹೊರಕ್ಕೆ ಉಬ್ಬಿದಲ್ಲಿ ಮೆಕ್ಕಲಿನ ಹರವು. ಚುಕ್ಕಿ ಸೇರಿದ ತುಂಡು ನೀಲಿ ಗೆರೆಯನ್ನು ನಂಬಿ ನೀರಿಲ್ಲದೆ ಹೊರಡಬಾರದು, ಅದು ವರ್ಷದ ಹೆಚ್ಚು ದಿನ ಒಣಗಿರುವ ಹಳ್ಳ.

ಇನ್ನು ಗಣಿಯ ಗುರುತುಗಳು. ಅಡ್ಡಹಾಕಿದ ಎರಡು ಪಿಕಾಸಿ ಎಂದರೆ ತೆರೆದ ಗಣಿ ಅಥವಾ ಕಲ್ಲುಕ್ವಾರಿ. ಅರ್ಧ ಕಪ್ಪಾದ ಪುಟ್ಟ ಚೌಕ ಎಂದರೆ ನೇರ ಕೆಳಗಿಳಿಯುವ ಶಾಫ್ಟ್. ಕವಲೊಡೆದ ಕಡ್ಡಿಯಂತಹ ಗುರುತು ಸುರಂಗದ ಬಾಯಿ, ಅದರ ಬಾಲ ಸುರಂಗ ಸಾಗಿದ ದಿಕ್ಕನ್ನು ತೋರುತ್ತದೆ. ಹೆಚ್ಚು ಜನ ಎಡವುವುದು ಗುಣಾಕಾರದ ಗುರುತಿನಲ್ಲಿ: ಪಕ್ಕದಲ್ಲಿ ಸಂಖ್ಯೆಯಿದ್ದರೆ ಅದು ಆ ಬಿಂದುವಿನ ಎತ್ತರ, ಸಂಖ್ಯೆಯಿಲ್ಲದೆ ಒಂಟಿಯಾಗಿದ್ದರೆ ಅದಿರು ಹುಡುಕಲು ತೋಡಿದ ಗುಂಡಿ. ಅಂತಹ ಗುಂಡಿಗಳು ಒಂದೇ ಸಾಲಿನಲ್ಲಿ ಬಂದರೆ, ಅಗೆದವರು ಅದಿರಿನ ಎಳೆಯೊಂದನ್ನು ಹಿಂಬಾಲಿಸಿದ್ದಿರಬಹುದು.

ನನ್ನ ಮಟ್ಟಿಗೆ ಚಿಹ್ನೆಗಿಂತ ಹೆಚ್ಚು ಹೇಳುವುದು ದಾರಿ. ಊರಿಲ್ಲದ, ಒರತೆಯಿಲ್ಲದ ಇಳಿಜಾರಿನಲ್ಲಿ ತುಂಡುಗೆರೆಯ ದಾರಿಯೊಂದು ನಾಲ್ಕಾರು ತಿರುವು ಹಾಕಿ ಮೇಲೇರಿ, ಕಡಿದಾದ ಕಡೆ ಥಟ್ಟನೆ ನಿಂತುಬಿಟ್ಟರೆ, ಚಿಹ್ನೆಯಿಲ್ಲದಿದ್ದರೂ ಅಲ್ಲಿ ಭೂತಗನ್ನಡಿ ಹಿಡಿದು ನೋಡಬೇಕು. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯ ಕೀನ್ ವಂಡರ್ ಗಣಿಯಲ್ಲಾದರೆ ಅದಿರನ್ನು ಎತ್ತರದಲ್ಲಿ ಬಿಗಿದ ತಂತಿಯ ಮೇಲೆ ಸಾಗುವ ತೊಟ್ಟಿಗಳಲ್ಲೇ ಇಳಿಸುತ್ತಿದ್ದರು, ಆದ್ದರಿಂದ ದಾರಿಯಿಲ್ಲವೆಂದು ಗಣಿಯೂ ಇಲ್ಲವೆನ್ನಲಾಗದು.

ಗುಂಡಿಯೆಲ್ಲವೂ ನಕ್ಷೆಗೆ ಬಂದಿರುವುದಿಲ್ಲ. ಚಿಹ್ನೆಗಳು ಒತ್ತಾಗಿರುವಲ್ಲಿ ಕತ್ತಲಾದ ಮೇಲೆ ಓಡಾಡಬಾರದು, ಮರದ ಆಸರೆ ಕೊಳೆತು ಗಾಳಿ ಕೆಟ್ಟಿರಬಹುದಾದ ಸುರಂಗದೊಳಗೆ ಹಗಲಲ್ಲೂ ಕಾಲಿಡಬಾರದು.