ಹಳೇ ಸ್ಕೂಟಿಗೆ 50 ದಾಟಿದ ಮೈಲೇಜ್: ನಾನು ಶುರು ಮಾಡಿದ್ದು ಹಿಂದಿನ ಚಕ್ರದಿಂದ

2010ರ ಸ್ಕೂಟಿ ಪೆಪ್ ಪ್ಲಸ್. ಅಕ್ಕನದ್ದು. ಅವಳು ದೊಡ್ಡ ಗಾಡಿ ತಗೊಂಡ ಮೇಲೆ ನನ್ನ ಪಾಲಿಗೆ ಬಂತು. ಬೆಂಗಳೂರಿನ ಕತ್ರಿಗುಪ್ಪೆಯಿಂದ ಶಿವಾಜಿನಗರಕ್ಕೆ ಹೋಗಿ ಬರೋದು ದಿನಕ್ಕೆ 24 ಕಿ.ಮೀ. ಆಸುಪಾಸು. ಬಂದಾಗ ಲೀಟರಿಗೆ 34 ಕೊಡುತ್ತಿತ್ತು. ಈಗ 53. ಇದನ್ನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತೋರಿಸಿದ ಮೆಕ್ಯಾನಿಕ್‌ಗಳೆಲ್ಲ ಮೊದಲು ಕೈ ಹಾಕಿದ್ದು ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರ್‌ಗೆ. ಸ್ಕ್ರೂ ಅರ್ಧ ಸುತ್ತು ತಿರುಗಿಸೋದು, "ಈಗ ನೋಡಿ ಸರ್" ಅನ್ನೋದು. ಒಬ್ಬರು ಪೂರ್ತಿ ಕಿಟ್ ಬದಲಾಯಿಸಿ ಕೂಲಿ ಸೇರಿಸಿ 900 ತಗೊಂಡರು. ಮೈಲೇಜ್ ಒಂದೂವರೆ ಕಿ.ಮೀ. ಏರಿತು. ಬೆಳಿಗ್ಗೆ ಸ್ಟಾರ್ಟ್ ಆಗೋದು ಮಾತ್ರ ನಿಂತುಹೋಯಿತು. ಇನ್ನೊಬ್ಬರು ಅದರಲ್ಲಿ ಪೆಟ್ರೋಲ್ ಹಾಯುವ ತೂತು, ಅಂದರೆ ಜೆಟ್, ಸಣ್ಣದು ಹಾಕಿದರು. ಗಾಡಿ ಕಾದು ಕೆಂಡ, ಆಕ್ಸಿಲರೇಟರ್ ತಿರುಗಿಸಿದರೆ ಮುಗ್ಗರಿಸುತ್ತಿತ್ತು. ಈಗ ಬಂಕ್‌ನಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಹಳೇ ಕಾರ್ಬುರೇಟರ್‌ಗೆ ಅದರಲ್ಲೇ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿ ಜಾಸ್ತಿ, ಇಂಧನ ಕಡಿಮೆ. ಅದರ ಮೇಲೆ ಇನ್ನೂ ತೆಳು ಮಾಡಿದರೆ ಇಂಜಿನ್ ತಡೆಯುತ್ತಾ? ಕೊನೆಗೆ ಹಳೇ ಜೆಟ್ಟೇ ವಾಪಸ್ ಹಾಕಿಸಿ, ಸ್ಕ್ರೂ ಸ್ವಲ್ಪ ಸಡಿಲ ಬಿಟ್ಟೆ. "ಗುಜರಿಗೆ ಹಾಕಿ ಸರ್" ಅಂದರು ಮೆಕ್ಯಾನಿಕ್. ಭಾಮೈದ ಬೇರೆ, "ಭಾವ, ಈ ದುಡ್ಡಲ್ಲಿ ಎಲೆಕ್ಟ್ರಿಕ್ ಗಾಡಿಗೆ ಅಡ್ವಾನ್ಸ್ ಕಟ್ಟಬಹುದಿತ್ತು" ಅಂತ ಸಿಕ್ಕಾಗಲೆಲ್ಲ ರಾಗ.

ನನಗೆ ಅನುಮಾನ ಬಂದಿದ್ದು ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದಾಗ. ಇಂಜಿನ್ ಆಫ್ ಇದ್ದರೆ ಎರಡು ಮೂರು ಸುತ್ತಾದರೂ ಸಲೀಸಾಗಿ ಹೋಗಬೇಕು. ಇದು ಮುಕ್ಕಾಲು ಸುತ್ತಿಗೇ ನಿಂತಿತು. ಸೈಲೆನ್ಸರ್ ಬಿಚ್ಚಿ ಚಕ್ರ ತೆಗೆದೆ. ಬ್ರೇಕ್ ಶೂ ಚೆನ್ನಾಗಿಯೇ ಇತ್ತು. ಅದನ್ನು ಅಗಲಿಸುವ ಕ್ಯಾಮ್ ಇದೆಯಲ್ಲ, ಅದು ತುಕ್ಕು ಹಿಡಿದು ಗೂಡಿನಲ್ಲೇ ಕಚ್ಚಿಕೊಂಡಿತ್ತು. ಬ್ರೇಕ್ ಬಿಟ್ಟರೂ ಅದು ಪೂರ್ತಿ ವಾಪಸ್ ಬರುತ್ತಿರಲಿಲ್ಲ. ಶೂ ಸದಾ ಡ್ರಮ್ಮಿಗೆ ಸವರಿಕೊಂಡೇ ಓಡುತ್ತಿತ್ತು. 87.8 ಸಿ.ಸಿ. ಇಂಜಿನ್, ಅದರಲ್ಲಿ ಇರೋದೇ 5 ಕುದುರೆ ಶಕ್ತಿ. ಅದರಲ್ಲಿ ಅರ್ಧ ಕುದುರೆ ಬ್ರೇಕ್ ತಿಂದರೆ ಉಳಿಯೋದೇನು? ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕ್ಯಾಮ್ ಹೊರತೆಗೆದು, ಎಮೆರಿ ಪೇಪರ್‌ನಲ್ಲಿ ಉಜ್ಜಿ, ಒಂದು ಚಿಟಿಕೆ ಗ್ರೀಸ್ ಹಚ್ಚಿ ಕೂರಿಸಿದೆ. ಜಾಸ್ತಿ ಹಚ್ಚಬೇಡಿ, ಕರಗಿ ಶೂ ಮೇಲೆ ಇಳಿಯುತ್ತದೆ. ಕೇಬಲ್ ಹೊಸದು, 150 ಇರಬೇಕು. ಅಷ್ಟಕ್ಕೇ ಮೈಲೇಜ್ 39-40ಕ್ಕೆ ಬಂತು.

ಆಮೇಲೆ ಇಂಜಿನ್ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವ ಬೆಲ್ಟ್ ಕಡೆ. ಕವರ್ ಬಿಚ್ಚಿದರೆ ಒಳಗೆಲ್ಲ ಕಪ್ಪು ಪುಡಿ. ವೇರಿಯೇಟರ್ (ವೇಗಕ್ಕೆ ತಕ್ಕಂತೆ ತಾನೇ ಗೇರ್ ಬದಲಾಯಿಸುವ ಮುಂದಿನ ಪುಲ್ಲಿ) ಒಳಗಿನ ರೋಲರ್‌ಗಳು ಒಂದೊಂದು ಕಡೆ ಚಪ್ಪಟೆಯಾಗಿ, ಪುಲ್ಲಿ ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅಂದರೆ ಗಾಡಿ ಟಾಪ್ ಗೇರ್ ನೋಡಿಯೇ ಇಲ್ಲ. ಇದನ್ನು ಪರೀಕ್ಷಿಸಲು ಸುಲಭದ ದಾರಿ ಇದೆ. ಮುಂದಿನ ಪುಲ್ಲಿಯ ಮುಖದ ಮೇಲೆ ಒಳಗಿನಿಂದ ಅಂಚಿನವರೆಗೆ ಮಾರ್ಕರ್ ಪೆನ್ನಲ್ಲಿ ಗೆರೆ ಎಳೆಯಿರಿ. ಕವರ್ ಹಾಕಿ ಖಾಲಿ ರಸ್ತೆಯಲ್ಲಿ ಒಂದು ಸಲ ಪೂರ್ತಿ ಓಡಿಸಿ ಬಂದು ಬಿಚ್ಚಿ. ಬೆಲ್ಟ್ ಹತ್ತಿದಷ್ಟು ದೂರ ಗೆರೆ ಅಳಿಸಿರುತ್ತದೆ. ನನ್ನದರಲ್ಲಿ ಮೂರನೇ ಒಂದು ಭಾಗ ಗೆರೆ ಹಾಗೇ ಇತ್ತು.

ಜೆ.ಸಿ. ರಸ್ತೆಯಲ್ಲಿ ಮೊದಲು 200 ರೂಪಾಯಿಯ ಲೋಕಲ್ ಬೆಲ್ಟ್ ತಂದೆ. ಎರಡು ತಿಂಗಳು ಬಾಳಲಿಲ್ಲ. ಟೌನ್ ಹಾಲ್ ಹತ್ತಿರ ಕಿತ್ತುಹೋಗಿ, ಮಳೆಯಲ್ಲಿ ತಳ್ಳಿಕೊಂಡು ಹೋದೆ. ಆಮೇಲೆ ಒರಿಜಿನಲ್ಲೇ ಹಾಕಿದೆ, 450 ಚಿಲ್ಲರೆ. ರೋಲರ್‌ನಲ್ಲಿ ಮಾತ್ರ ಆಟ ಆಡಿದೆ. ಭಾರದ್ದು ಹಾಕಿದರೆ ಇಂಜಿನ್ ಕಡಿಮೆ ಸುತ್ತಿನಲ್ಲೇ ಗೇರ್ ಏರಿಸುತ್ತದೆ, ಮೈಲೇಜ್ ಚೆನ್ನ. ಆದರೆ ಮನೆಯವಳನ್ನು ಕೂರಿಸಿಕೊಂಡು ಹನುಮಂತನಗರದ ಕುಮಾರಸ್ವಾಮಿ ದೇವಸ್ಥಾನದ ಏರು ಹತ್ತುವಾಗ ಪಕ್ಕದಲ್ಲಿ ನಡೆಯುವವರೇ ಮುಂದೆ ಹೋದರು. ಹಗುರದ್ದು ಹಾಕಿದರೆ ಏರು ಹತ್ತುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಈಗ ಎರಡು ತೂಕದ್ದನ್ನು ಒಂದು ಬಿಟ್ಟು ಒಂದು ಹಾಕಿದ್ದೇನೆ. ಎಷ್ಟೆಷ್ಟು ಗ್ರಾಂ ಅಂತ ಕೇಳಬೇಡಿ, ಹೇಳಲ್ಲ. ನಾಲ್ಕು ಸೆಟ್ ದುಡ್ಡು ಕಳೆದು ಕಲಿತದ್ದು. ಕ್ಲಚ್ ಕಚ್ಚಿಕೊಳ್ಳುವ ಬಟ್ಟಲು, ಅಂದರೆ ಕ್ಲಚ್ ಬೆಲ್, ಒಳಗೆ ಗಾಜಿನ ಹಾಗೆ ಹೊಳೆಯುತ್ತಿತ್ತು, ಅದನ್ನೂ ಉಜ್ಜಿದೆ. ಇಷ್ಟಕ್ಕೆ 48.

ಉಳಿದದ್ದು ಸಣ್ಣಪುಟ್ಟದ್ದು. ಮುಂದಿನ ಚಕ್ರದ ಬೇರಿಂಗ್, ಟ್ಯಾಪೆಟ್ (ಇಂಜಿನ್ ವಾಲ್ವ್‌ನ ಸಂದು), ವಾರಕ್ಕೊಮ್ಮೆ ಗಾಳಿ. 10 ಇಂಚಿನ ಚಕ್ರಕ್ಕೆ ಗಾಳಿ ಇಳಿದದ್ದು ಕಣ್ಣಿಗೆ ಕಾಣಲ್ಲ, ಮೈಲೇಜಿನಲ್ಲಿ ಕಾಣುತ್ತದೆ.

ಸುಮ್ನೆ ಮಾಡಿದ ಪ್ರಯೋಗಗಳೂ ಇವೆ. ಪೆಟ್ರೋಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್: 250 ನೀರಿಗೆ. ಈಗ ಫ್ರಿಜ್ ಮೇಲೆ ಕರೆಂಟ್ ಬಿಲ್ ಹಿಡಿದುಕೊಂಡಿದೆ. ಇರಿಡಿಯಂ ಪ್ಲಗ್: ಸ್ಟಾರ್ಟಿಂಗ್ ಚೆನ್ನ, ಮೈಲೇಜ್ ಅಷ್ಟೇ. ಸಿಗ್ನಲ್‌ನಲ್ಲಿ ಆಫ್ ಮಾಡೋದು ನಿಜವಾಗಿ ಲಾಭ. ಆದರೆ ಪ್ರತಿ ಸಲ ಸೆಲ್ಫ್ ಹೊಡೆದರೆ ಬ್ಯಾಟರಿ ಸಾಯುತ್ತದೆ, ನನ್ನದು ಸತ್ತಿತು, 1,100 ಹೋಯಿತು. ಈಗ ಟೈಮರ್ 60ಕ್ಕಿಂತ ಜಾಸ್ತಿ ತೋರಿಸಿದರೆ ಮಾತ್ರ ಆಫ್, ಕಿಕ್ಕರ್‌ನಲ್ಲೇ ಸ್ಟಾರ್ಟ್.

ಅಳತೆ ಹೇಗೆ ಅಂತ ಕೇಳುವವರಿಗೆ: ಟ್ಯಾಂಕ್‌ನಿಂದ ಟ್ಯಾಂಕ್. ಒಂದೇ ಬಂಕ್, ಸೆಂಟರ್ ಸ್ಟ್ಯಾಂಡ್ ಹಾಕಿ, ಟ್ಯಾಂಕಿನ ಕತ್ತಿನವರೆಗೆ ತುಂಬಿಸಿ, ಓಡಿದ ಕಿ.ಮೀ.ಯನ್ನು ಮತ್ತೆ ಅಲ್ಲಿಯವರೆಗೆ ತುಂಬಿಸಿದ ಲೀಟರಿನಿಂದ ಭಾಗಿಸೋದು. ಒಂದು ಟ್ಯಾಂಕ್ ನಂಬಬೇಡಿ, ಮೂರರ ಸರಾಸರಿ ತಗೊಳ್ಳಿ. ಇನ್ನೊಂದು, ಮೀಟರ್ ಸುಳ್ಳು ಹೇಳುತ್ತದೆ. ಫೋನ್ ಮ್ಯಾಪ್ ಜೊತೆ ಹೋಲಿಸಿದರೆ ನನ್ನದು ನೂರಕ್ಕೆ ನಾಲ್ಕು ಜಾಸ್ತಿ ತೋರಿಸುತ್ತಿತ್ತು. ಮೀಟರ್ ಪ್ರಕಾರ 55 ಬರುತ್ತದೆ, ನಾನು ಹೇಳುತ್ತಿರುವ 53 ಅದನ್ನು ಕಳೆದ ಮೇಲಿನದ್ದು. ಭಾಮೈದನ ಹೊಸ 125 ಸಿ.ಸಿ. ಗಾಡಿ ಇದೇ ರಸ್ತೆಯಲ್ಲಿ 42 ಕೊಡುತ್ತಿದೆ ಅಂತ ಅವನೇ ಬಾಯಿಬಿಟ್ಟ.

ಖರ್ಚು ನೆನಪಿದ್ದಷ್ಟು: ಒಟ್ಟು 6,000, ಅದರಲ್ಲಿ 2,500 ಸುಮ್ನೆ ದಂಡವಾದದ್ದು. ಲೀಟರ್ 102-103 ರೂಪಾಯಿ ಲೆಕ್ಕದಲ್ಲಿ ದಿನಕ್ಕೆ 26 ರೂಪಾಯಿ ಉಳಿಯುತ್ತದೆ, ತಿಂಗಳಿಗೆ 650. ಒಂಬತ್ತು ಹತ್ತು ತಿಂಗಳಲ್ಲಿ ವಾಪಸ್. ಆರ್.ಸಿ. ರಿನ್ಯೂವಲ್, ಹಸಿರು ತೆರಿಗೆ, ಹೊಸ ನಂಬರ್ ಪ್ಲೇಟ್ ಬೇರೆ ಲೆಕ್ಕ. ಅದು ಎರಡು ಸಾವಿರದ ಮೇಲೇ ಆಯಿತು, ಆದರೆ ಐದು ವರ್ಷಕ್ಕೆ ಚಿಂತೆ ಇಲ್ಲ.

ಈಗ ಬಾಕಿ ಇರೋದು ಹಿಂದಿನ ಶಾಕ್ ಅಬ್ಸಾರ್ಬರ್. ಹಂಪ್ ಹಾರಿದರೆ ಟಕ್ ಅನ್ನುತ್ತದೆ. ಬೇರೆ ಗಾಡಿಯದ್ದು ಕೂರುತ್ತಾ ಅಂತ ಕಲಾಸಿಪಾಳ್ಯದಲ್ಲಿ ವಿಚಾರಿಸುತ್ತಿದ್ದೇನೆ. ಯಾರಾದರೂ ಹಾಕಿ ನೋಡಿದ್ದರೆ ಉದ್ದ ಎಷ್ಟು ಬಂತು ಅಂತ ಹೇಳಿ.