ಬೋರ್ಡ್ ಬದಲಿಸದೆ ರೀಸ್ಟಾರ್ಟ್ ನಿಲ್ಲಿಸಿದ ಬಗೆ: ಚಪ್ಪಟೆ ಕೆಪಾಸಿಟರಿನ ಜಾಗದಲ್ಲಿ ಟ್ಯಾಂಟಲಮ್

ಪ್ರೊಸೆಸರ್ ಸಾಕೆಟ್ಟಿನ ಬಳಿ ಇರುವ ಚಪ್ಪಟೆ ಕೆಪಾಸಿಟರನ್ನು (ವಿದ್ಯುತ್ತನ್ನು ಕೂಡಿಟ್ಟು ಬೇಕಾದಾಗ ಕೊಡುವ ಬಿಡಿಭಾಗ) ತೆಗೆದು, ಅದರ ಜಾಗದಲ್ಲಿ ಇನ್ನೊಂದು ಬಗೆಯ ಕೆಪಾಸಿಟರುಗಳಾದ ನಾಲ್ಕು ಪಾಲಿಮರ್ ಟ್ಯಾಂಟಲಮ್‌ಗಳನ್ನು ಕೂರಿಸಿದರೆ ಲ್ಯಾಪ್‌ಟಾಪ್ ತಾನಾಗಿ ರೀಸ್ಟಾರ್ಟ್ ಆಗುವುದು ನಿಲ್ಲುತ್ತದೆ ಎಂದು ನಾನು ಹೇಳಿದಾಗ, ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುವ ಹೆಚ್ಚಿನವರು ಒಪ್ಪಲಿಲ್ಲ. ಒಂದು ವಾರ ಓಡಬಹುದು, ಆಮೇಲೆ ಬೋರ್ಡೇ ಸುಟ್ಟುಹೋಗುತ್ತದೆ ಎಂದವರಿದ್ದರು. ಹಾಗೆ ದುರಸ್ತಿ ಮಾಡಿಕೊಟ್ಟ ಮೊದಲ ಲ್ಯಾಪ್‌ಟಾಪ್ ಈಗ ಒಂದೂವರೆ ವರ್ಷಕ್ಕೂ ಮೇಲ್ಪಟ್ಟು ಗದಗಿನ ಒಂದು ಮುದ್ರಣಾಲಯದಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡುತ್ತಿದೆ, ಒಮ್ಮೆಯೂ ನನ್ನ ಮೇಜಿಗೆ ಮರಳಿ ಬಂದಿಲ್ಲ. ಲ್ಯಾಪ್‌ಟಾಪ್ ಬಿಚ್ಚಿ ಜೋಡಿಸುವುದು, ಬೆಸುಗೆ ಕರಗಿಸುವ ಹಾಟ್ ಏರ್ (ಬಿಸಿಗಾಳಿ ಯಂತ್ರ) ಹಿಡಿಯುವುದು ಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಯಂತ್ರ 2010ರ ಸುಮಾರಿನದು, ಮೊದಲ ಪೀಳಿಗೆಯ ಐ3, 2.4 ಗಿಗಾಹರ್ಟ್ಸ್. ಇಷ್ಟು ಹಳೆಯದಕ್ಕೆ ಇಷ್ಟು ಕಷ್ಟವೇಕೆ ಎಂದು ಕೇಳುವವರಿಗೆ ಉತ್ತರ ಅದರೊಳಗಿತ್ತು. ವಿಂಡೋಸ್ 7ರಲ್ಲಿ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ 7, ಅದರಲ್ಲಿ ಯುನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಕಟ್ಟಿದ ಲಗ್ನಪತ್ರಿಕೆ, ಪಾವತಿ ಪುಸ್ತಕ, ಲೆಡ್ಜರುಗಳ ನೂರಾರು ಕಡತಗಳು. ಇವನ್ನು ಯುನಿಕೋಡಿಗೆ ಪರಿವರ್ತಿಸಿ ಹೊಸ ಯಂತ್ರಕ್ಕೆ ಸಾಗಿಸುವುದೆಂದರೆ ಪ್ರತಿ ಪುಟವನ್ನೂ ಮತ್ತೆ ತಿದ್ದಬೇಕು ಎಂಬುದು ಡಿಟಿಪಿ ಮಾಡುವವರಿಗೆಲ್ಲ ಗೊತ್ತು. “ನನಗ ಹೊಸಾದು ಬ್ಯಾಡ್ರೀ, ಇದನ್ನ ಹೆಂಗಾದ್ರೂ ಮಾಡಿ ಓಡಂಗ ಮಾಡಿ ಕೊಡ್ರಿ” ಎಂದರು ಮುದ್ರಣಾಲಯದ ಯಜಮಾನರು. ಅವರು ಅದಕ್ಕೂ ಮೊದಲು ಬೇರೊಂದು ಅಂಗಡಿಗೆ ಹೋಗಿದ್ದರು. ಅಲ್ಲಿ ಅಡಾಪ್ಟರ್ ಕೆಟ್ಟಿದೆಯೆಂದು ಸುಮಾರು 1,200 ರೂಪಾಯಿಯ ಹೊಸ ಅಡಾಪ್ಟರ್ ಕೊಡಿಸಿ, ಅದರಿಂದ ಗುಣ ಕಾಣದಿದ್ದಾಗ ಬೋರ್ಡ್ ಹೋಗಿದೆ, ಹಳೆಯ ಬೋರ್ಡ್ ತರಿಸಿ ಹಾಕಲು 11,000 ಆಗುತ್ತದೆ, ಒಂದು ತಿಂಗಳ ಮೇಲೆ ಗ್ಯಾರಂಟಿ ಇಲ್ಲ ಎಂದಿದ್ದರಂತೆ.

ಅಡಾಪ್ಟರಿನ ಮೇಲೆ ಅನುಮಾನ ಬರಲು ಕಾರಣವಿತ್ತು. ಬ್ಯಾಟರಿಯಲ್ಲಿ ಯಂತ್ರ ಸಲೀಸಾಗಿ ಓಡುತ್ತಿತ್ತು. ಅಡಾಪ್ಟರ್ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಪರದೆ ಕಪ್ಪಾಗಿ, ಫ್ಯಾನ್ ಒಂದು ಕ್ಷಣ ನಿಂತು, ಮತ್ತೆ ಮೊದಲಿನಿಂದ ಬೂಟ್ ಆಗುತ್ತಿತ್ತು. ನಾನೂ ವಾಡಿಕೆಯ ದಾರಿಯಲ್ಲೇ ಹೊರಟೆ: ರ್‍ಯಾಮ್ ಒಂದೊಂದೇ ಹಾಕಿ ನೋಡಿದೆ, ಪ್ರೊಸೆಸರಿನ ಶಾಖ ಸಾಗಿಸುವ ಪೇಸ್ಟ್ ಬದಲಿಸಿದೆ, ಬೇರೆ ಡಿಸ್ಕಿನಲ್ಲಿ ಹೊಸದಾಗಿ ವಿಂಡೋಸ್ ಹಾಕಿ ಪರೀಕ್ಷಿಸಿದೆ. ಮೂರರಿಂದಲೂ ಫಲವಿಲ್ಲ. ತಾಪಮಾನ 65 ಡಿಗ್ರಿ ದಾಟುವ ಮೊದಲೇ ಬೀಳುತ್ತಿದ್ದುದರಿಂದ ಬಿಸಿಯ ಪ್ರಶ್ನೆಯೂ ಉಳಿಯಲಿಲ್ಲ. ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ ಕರ್ನಲ್ ಪವರ್ 41 (ಸರಿಯಾಗಿ ಮುಚ್ಚದೆ ಯಂತ್ರ ನಿಂತಿತ್ತು ಎಂಬ ವಿಂಡೋಸಿನ ದಾಖಲೆ), ಅದರೊಳಗಿನ ಬಗ್‌ಚೆಕ್ ಕೋಡ್ ಸೊನ್ನೆ, ಅಂದರೆ ದೋಷದ ಗುರುತೇ ದಾಖಲಾಗಿಲ್ಲ. ತಾನಾಗಿ ರೀಸ್ಟಾರ್ಟ್ ಆಗುವ ಆಯ್ಕೆಯನ್ನು ತೆಗೆದರೂ ನೀಲಿ ಪರದೆ ಇಲ್ಲ, ದೋಷದ ವಿವರ ಉಳಿಸುವ ಮಿನಿಡಂಪ್ ಕಡತವೂ ಇಲ್ಲ. ಡ್ರೈವರ್ ಕೆಟ್ಟಿದ್ದರೆ ವಿಂಡೋಸ್ ಸಾಮಾನ್ಯವಾಗಿ ಏನಾದರೂ ಬರೆದಿಟ್ಟು ಬೀಳುತ್ತದೆ. ಇಲ್ಲಿ ಬರೆಯುವಷ್ಟೂ ಸಮಯ ಸಿಗದೆ ಕರೆಂಟೇ ಕಡಿದುಹೋಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸಿದ್ದು ಮೆಮೊರಿ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್. ಇಡೀ ರಾತ್ರಿ ಓಡಿಸಿದರೂ ಒಂದು ದೋಷವೂ ಬರಲಿಲ್ಲ, ಯಂತ್ರ ಬೀಳಲೂ ಇಲ್ಲ. ಆ ಹಳೆಯ ಆವೃತ್ತಿ ಪ್ರೊಸೆಸರಿನ ಒಂದೇ ಕೋರಿನ ಮೇಲೆ, ಒಂದೇ ಸಮನಾದ ಹೊರೆಯಲ್ಲಿ ಓಡುತ್ತದೆ. ಈ ಕಾಯಿಲೆ ಕಾಣಿಸಿಕೊಳ್ಳುವುದು ಹೊರೆ ಹಠಾತ್ತನೆ ಏರಿಳಿಯುವಾಗ ಮಾತ್ರ.

ಸುಳಿವು ಸಿಕ್ಕಿದ್ದು ಪೈಸೆ ಖರ್ಚಿಲ್ಲದ ಒಂದು ಪರೀಕ್ಷೆಯಿಂದ. ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 50 ಪ್ರತಿಶತಕ್ಕೆ ಇಳಿಸಿ, ಅಡಾಪ್ಟರ್ ಚುಚ್ಚಿ, ಪ್ರೊಸೆಸರಿಗೆ ಪೂರ್ಣ ಹೊರೆ ಹಾಕುವ ಪ್ರೈಮ್95 ತಂತ್ರಾಂಶ ಹಚ್ಚಿಟ್ಟೆ. ಮಧ್ಯಾಹ್ನವಿಡೀ ಬೀಳಲಿಲ್ಲ. 80ಕ್ಕೆ ಏರಿಸಿದಾಗ ಹತ್ತು ಹದಿನೈದು ನಿಮಿಷ ತಡೆಯಿತು. 100ಕ್ಕೆ ಏರಿಸಿದ ಕೂಡಲೇ ಬಿತ್ತು. ಬ್ಯಾಟರಿಯಲ್ಲಿ ಓಡುತ್ತಿದ್ದುದರ ಗುಟ್ಟೂ ಆಗಲೇ ತಿಳಿಯಿತು: ಬ್ಯಾಟರಿಯಲ್ಲಿದ್ದಾಗ ಅದರ ಪವರ್ ತಂತ್ರಾಂಶವು ಪ್ರೊಸೆಸರಿನ ವೇಗವನ್ನು ತಗ್ಗಿಸಿಡುತ್ತಿತ್ತು. ಅಡಾಪ್ಟರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಮಲ್ಟಿಮೀಟರಿನಲ್ಲಿ ಪ್ರೊಸೆಸರಿಗೆ ಹೋಗುವ ಕೋರ್ ವೋಲ್ಟೇಜ್ 1.1 ವೋಲ್ಟಿನ ಆಸುಪಾಸಿನಲ್ಲಿ ನಿರಾಳವಾಗಿ ಕಾಣುತ್ತಿತ್ತು. ಮೀಟರ್ ತೋರಿಸುವುದು ಸರಾಸರಿಯನ್ನು. ಮೈಕ್ರೊಸೆಕೆಂಡುಗಳಲ್ಲಿ ನಡೆಯುವ ಕುಸಿತ ಅದಕ್ಕೆ ಕಾಣದು. ಇದಕ್ಕಾಗಿಯೇ ಸುಮಾರು 4,500 ರೂಪಾಯಿ ಕೊಟ್ಟು ವೋಲ್ಟೇಜಿನ ಕ್ಷಣಕ್ಷಣದ ಏರಿಳಿತ ತೋರಿಸುವ ಅಂಗೈಯಗಲದ ಒಂದು ಆಸಿಲೊಸ್ಕೋಪ್ ಕೊಂಡಿದ್ದೆ, ಅದನ್ನು ನೋಡಿ ಆಟಿಕೆ ಎಂದವರೂ ಇದ್ದರು. ಅದರಲ್ಲಿ ನೋಡಿದರೆ, 933 ಮೆಗಾಹರ್ಟ್ಸ್‌ನಿಂದ 2.4 ಗಿಗಾಹರ್ಟ್ಸಿಗೆ ವೇಗ ಜಿಗಿಯುವ ಪ್ರತಿ ಸಲವೂ ವೋಲ್ಟೇಜ್ 0.8ರವರೆಗೆ ಬಿದ್ದು ಏಳುತ್ತಿತ್ತು. ಆ ಕ್ಷಣದಲ್ಲಿ ಪ್ರೊಸೆಸರ್ ಇಪ್ಪತ್ತು ಆಂಪಿಯರಿಗೂ ಮೀರಿ ಎಳೆಯುತ್ತದೆ. ಅಷ್ಟನ್ನು ವಿದ್ಯುತ್ ಒದಗಿಸುವ ಕಾಯಿಲ್‌ಗಳು ಕೂಡಲೇ ಕೊಡಲಾರವು, ನಡುವಿನ ಕೆಪಾಸಿಟರೇ ತುಂಬಿಕೊಡಬೇಕು. ಹಳ್ಳಿಯ ಓವರ್‌ಹೆಡ್ ಟ್ಯಾಂಕಿನಲ್ಲಿ ಹೂಳು ತುಂಬಿದರೆ ಪಂಪು ಸರಿಯಿದ್ದರೂ ಬೆಳಗಿನ ಹೊತ್ತು ನಲ್ಲಿಗಳು ಒಣಗುತ್ತವಲ್ಲ, ಹಾಗೆ.

ಇಲ್ಲಿ ರೀಬಾಲಿಂಗ್, ಅಂದರೆ ಚಿಪ್ಪನ್ನು ಎತ್ತಿ ಅದರಡಿಯ ಬೆಸುಗೆಯ ಗುಂಡುಗಳನ್ನು ಹೊಸದಾಗಿ ಕೂರಿಸುವ ವಿಷಯ ಹೇಳಲೇಬೇಕು. ಇಂಥ ಬೋರ್ಡುಗಳನ್ನು ಬಿಸಿಮಾಡಿದರೆ ಕೆಲವು ದಿನ ಓಡುತ್ತವೆ, ಆದ್ದರಿಂದ ಚಿಪ್ಪಿನ ಬೆಸುಗೆ ಬಿಟ್ಟಿದೆ ಎಂದು ಬಹಳ ಮಂದಿ ತೀರ್ಮಾನಿಸುತ್ತಾರೆ. ನಾನು ಚಿಪ್ಪನ್ನು ಮುಟ್ಟದೆ ಚಪ್ಪಟೆ ಕೆಪಾಸಿಟರಿಗೆ ಮಾತ್ರ ಸ್ವಲ್ಪ ಹೊತ್ತು ಬಿಸಿಗಾಳಿ ಕೊಟ್ಟು ನೋಡಿದೆ. ಯಂತ್ರ ಪೂರ್ಣ ವೇಗದಲ್ಲಿ ನಾಲ್ಕೈದು ದಿನ ಓಡಿ ಮತ್ತೆ ಹಳೆಯ ಚಾಳಿಗೆ ಬಿತ್ತು. ರೀಬಾಲಿಂಗಿಗೆ 3,000 ಕೊಟ್ಟು ಹದಿನೈದು ದಿನದಲ್ಲಿ ಮರಳಿ ಬಂದ ಎಷ್ಟೋ ಬೋರ್ಡುಗಳ ಕಥೆ ಇದೇ ಇರಬೇಕೆಂದು ನಾನು ನಂಬುತ್ತೇನೆ.

ತೆಗೆಯುವ ಕೆಲಸ ಸುಲಭವಲ್ಲ. ಕೆಪಾಸಿಟರಿನ ಅಡಿಯ ಗ್ರೌಂಡ್ ಪ್ಯಾಡ್ (ಋಣ ತುದಿಯನ್ನು ಬೆಸೆಯುವ ಜಾಗ) ಅಗಲವಾಗಿದ್ದು, ಬೋರ್ಡಿನ ಒಳಪದರದ ತಾಮ್ರ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಮೇಲಿನಿಂದ ಮಾತ್ರ 400 ಡಿಗ್ರಿ ಗಾಳಿ ಕೊಟ್ಟರೆ ಪಕ್ಕದ ಪ್ಲಾಸ್ಟಿಕ್ ಸಾಕೆಟ್ ಕರಗುತ್ತದೆಯೇ ಹೊರತು ಇದು ಏಳುವುದಿಲ್ಲ. ಕೆಳಗಿನಿಂದ ಪ್ರೀಹೀಟರ್ ಇಟ್ಟು, ಸಾಕೆಟ್ಟಿಗೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ಸುತ್ತಿ, ಅಂಚುಗಳಿಗೆ ಮೊದಲೇ ಸೀಸವಿರುವ ಬೆಸುಗೆ ಧಾರಾಳವಾಗಿ ಹಚ್ಚಬೇಕು. ಸೀಸವಿಲ್ಲದ ಬೆಸುಗೆ 217 ಡಿಗ್ರಿಯ ಮೇಲೆ ಕರಗಿದರೆ ತವರ-ಸೀಸದ 63/37 ಬೆಸುಗೆ 183ರಲ್ಲೇ ಕರಗುತ್ತದೆ, ಎರಡೂ ಬೆರೆತಾಗ ಕೆಲಸ ಹಗುರವಾಗುತ್ತದೆ.

ಕೆಪಾಸಿಟರ್ ಎದ್ದ ಮೇಲೆ ಕೆಳಗೆ ಕಾಣುವುದು ಮೂರು ಜಾಗ: ಎರಡು ತುದಿಗಳಲ್ಲಿ ಧನ, ನಡುವೆ ಗ್ರೌಂಡ್. ಹಲವರು ಸೋತಿರುವುದು ಇಲ್ಲಿಯೇ. ಕೆಲವು ಬೋರ್ಡುಗಳಲ್ಲಿ ಆ ಎರಡು ಧನ ಪ್ಯಾಡುಗಳಿಗೆ ಬೋರ್ಡಿನೊಳಗೆ ಪೂರ್ಣ ಸಂಪರ್ಕವಿರುವುದಿಲ್ಲ. ಪ್ರೊಸೆಸರಿಗೆ ಹೋಗುವ ಕರೆಂಟು ಕೆಪಾಸಿಟರಿನ ಒಳಗಿನ ಲೋಹದ ಹಾಳೆಯ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಬರೀ ಟ್ಯಾಂಟಲಮ್ ಕೂರಿಸಿದರೆ ಯಂತ್ರ ಆನ್ ಆಗುವುದಿಲ್ಲ, ಅಥವಾ ಆದರೂ ಮೊದಲಿನಂತೆಯೇ ಬೀಳುತ್ತದೆ, ಮತ್ತು ಈ ವಿಧಾನವೇ ಸರಿಯಿಲ್ಲ ಎಂಬ ಮಾತು ಹುಟ್ಟುತ್ತದೆ. ಎರಡು ಧನ ಪ್ಯಾಡುಗಳನ್ನು ತಾಮ್ರದಿಂದ ಸೇರಿಸಬೇಕು. ಯಾವ ತಾಮ್ರ, ಎಷ್ಟು ದಪ್ಪ, ಗ್ರೌಂಡಿಗೆ ತಾಗದಂತೆ ಹೇಗೆ ಹಾಯಿಸುತ್ತೇನೆ ಎಂಬುದು ನನ್ನ ಅಂಗಡಿಯಲ್ಲೇ ಇರಲಿ. ಇಪ್ಪತ್ತು ಆಂಪಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದರೆ ಕೈ ಪಳಗಿದವರಿಗೆ ಹೊಳೆಯುತ್ತದೆ.

ಹಳೆಯದು 2.5 ವೋಲ್ಟಿನ 900 ಮೈಕ್ರೊಫ್ಯಾರಡ್. ಅದಕ್ಕೆ ನಾನು ಹಾಕುವುದು 2.5 ವೋಲ್ಟಿನ 330 ಮೈಕ್ರೊಫ್ಯಾರಡಿನ ನಾಲ್ಕು, ಪ್ರತಿಯೊಂದರ ಇಎಸ್‌ಆರ್ (ಒಳಗಿನ ತಡೆ) 9 ಮಿಲಿಓಮ್ ಅಥವಾ ಅದಕ್ಕೂ ಕಡಿಮೆ. ಟ್ಯಾಂಟಲಮ್ಮಿನ ಮೈಮೇಲಿನ ಪಟ್ಟಿ ಧನವನ್ನು ಸೂಚಿಸುತ್ತದೆ, ಡಬ್ಬಿ ಕೆಪಾಸಿಟರಿನಲ್ಲಿ ಪಟ್ಟಿ ಋಣವನ್ನು ಸೂಚಿಸುತ್ತದೆ. ತಿರುಗಿ ಕೂತರೆ ಹೊಗೆಯೇ ಗತಿ.

ಕುತೂಹಲಕ್ಕೆ ಬೇರೆಯವನ್ನೂ ಹಾಕಿ ನೋಡಿದ್ದೇನೆ. ಮನೆಯಲ್ಲಿದ್ದ ಸಾಮಾನ್ಯ 1,000 ಮೈಕ್ರೊಫ್ಯಾರಡಿನ ಡಬ್ಬಿ ಕೆಪಾಸಿಟರುಗಳಲ್ಲಿ ಯಂತ್ರ ಡೆಸ್ಕ್‌ಟಾಪಿನವರೆಗೆ ಬಂತು, ಪ್ರೈಮ್95 ಹಚ್ಚಿದ ಕೂಡಲೇ ಬಿತ್ತು. ಸಂಗ್ರಹವಿದ್ದರೂ ಇಎಸ್‌ಆರ್ ಹೆಚ್ಚಾದರೆ ಪ್ರಯೋಜನವಿಲ್ಲ. 22 ಮೈಕ್ರೊಫ್ಯಾರಡಿನ ಸೆರಾಮಿಕ್‌ಗಳನ್ನು ಒಂದರ ಮೇಲೊಂದು ಪೇರಿಸಿ ಹಾಕಿದಾಗ ಸಾಕಷ್ಟು ಹೊತ್ತು ಓಡಿತು, ಆದರೆ ಮೌಸ್ ಆಡಿಸಿದಾಗಲೆಲ್ಲ ಬೋರ್ಡಿನಿಂದ ಕೀರಲು ದನಿ ಕೇಳಿಬಂದು ಕೂರಲಾಗಲಿಲ್ಲ. ಕೆಟ್ಟ ಬೋರ್ಡುಗಳಿಂದ ಕಿತ್ತ ಟ್ಯಾಂಟಲಮ್‌ಗಳು ಕೆಲಸ ಮಾಡುತ್ತವೆ. ಗ್ರಾಹಕರ ಯಂತ್ರಕ್ಕೆ ಮಾತ್ರ ಅವನ್ನು ಹಾಕುವುದಿಲ್ಲ.

ಹೊಸ ಮಾಲನ್ನು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಿಸುತ್ತೇನೆ, ಒಂದಕ್ಕೆ 50ರಿಂದ 60 ರೂಪಾಯಿ ಬಿದ್ದ ನೆನಪು. 15 ರೂಪಾಯಿಗೂ ಸಿಗುತ್ತವೆ, ಆದರೆ ಅಂಥವುಗಳಲ್ಲಿ ಅಳತೆ 200 ಮೈಕ್ರೊಫ್ಯಾರಡ್ ದಾಟದವನ್ನು ನಾನೇ ಅಳೆದಿದ್ದೇನೆ. ಅಸಲಿ ಮಾಲನ್ನು ಕಣ್ಣಳತೆಯಲ್ಲೇ ಗುರುತಿಸುವ ಒಂದು ಉಪಾಯವೂ ಇದೆ, ಅದನ್ನು ಸದ್ಯ ಹೇಳುವುದಿಲ್ಲ.

ನಾಲ್ಕು ಬಿಡಿ ಕೆಪಾಸಿಟರುಗಳು ಆ ಒಂದರಷ್ಟು ವೇಗವಾಗಿ ಸ್ಪಂದಿಸಲಾರವು ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಅತಿ ವೇಗದ ಏರಿಳಿತವನ್ನು ಸಾಕೆಟ್ಟಿನ ಬೆನ್ನಿಗಿರುವ ಸಣ್ಣ ಸೆರಾಮಿಕ್‌ಗಳು ನೋಡಿಕೊಳ್ಳುತ್ತವೆ, ನಾವು ತುಂಬಬೇಕಾದುದು ಅದಕ್ಕಿಂತ ನಿಧಾನದ ಪಾಲನ್ನು. ಕೆಲಸ ಮುಗಿದ ಮೇಲೆ ಸ್ಕೋಪಿನಲ್ಲಿ ವೋಲ್ಟೇಜ್ ಕುಸಿದಾಗಲೂ 1 ವೋಲ್ಟಿನ ಕೆಳಗೆ ಇಳಿಯಲಿಲ್ಲ. ಆಮೇಲೆ ಇದೇ ಲಕ್ಷಣವಿದ್ದ ಹತ್ತಿರ ಹತ್ತಿರ ಒಂದು ಡಜನ್ ಬೋರ್ಡುಗಳಿಗೆ ಹೀಗೆಯೇ ಮಾಡಿದ್ದೇನೆ, ಮುಕ್ಕಾಲು ಪಾಲು ಉಳಿದಿವೆ. ಉಳಿಯದವುಗಳಲ್ಲಿ ಹೆಚ್ಚಿನವುಗಳ ವಿದ್ಯುತ್ತನ್ನು ತೆರೆದು ಮುಚ್ಚುವ ಮಾಸ್ಫೆಟ್ ಸೋರುತ್ತಿತ್ತು. 50 ಪ್ರತಿಶತದ ಪರೀಕ್ಷೆಯಲ್ಲೂ ಬೀಳುವ ಬೋರ್ಡನ್ನು ಈಗ ಈ ಕೆಲಸಕ್ಕೆ ಎತ್ತಿಕೊಳ್ಳುವುದೇ ಇಲ್ಲ.

ಗದಗಿನ ಯಜಮಾನರಿಂದ ಸಾಮಾನು, ಮಜೂರಿ ಸೇರಿ 2,500 ತೆಗೆದುಕೊಂಡೆ. ಸಾಮಾನಿಗೆ ತಗುಲಿದ್ದು 300ರ ಒಳಗೆ. ಕೊಡುವ ಮೊದಲು ಎರಡು ಗಂಟೆ ಪೂರ್ಣ ಹೊರೆ, ಆಮೇಲೆ ನಿಮಿಷಕ್ಕೊಮ್ಮೆ ಹೊರೆ ಹಾಕಿ ತೆಗೆಯುವ ಒಂದು ಬ್ಯಾಚ್ ಕಡತವನ್ನು ಇಡೀ ರಾತ್ರಿ ಓಡಿಸುತ್ತೇನೆ. ಈ ಎರಡನೆಯ ಪರೀಕ್ಷೆಯನ್ನು ದಾಟಿದ ಬೋರ್ಡಿಗೆ ಆರು ತಿಂಗಳ ಗ್ಯಾರಂಟಿ ಬರೆದುಕೊಡುತ್ತೇನೆ.